ಡಿಶ್ಶಿನಿಂದ ಗಾಜಿನ ಎಳೆಗೆ: ನಮ್ಮ ಕೇಬಲ್ ಟಿವಿಯ ಕತೆ

ಭಟ್ಕಳ, ಹೊನ್ನಾವರ, ಕುಮಟಾ ಪೇಟೆ ದಾಟಿದರೆ ತೋಟಕ್ಕೊಂದು ಮನೆ, ನಡುವೆ ಗುಡ್ಡ, ಹೊಳೆ. 1991ರಲ್ಲಿ ಸ್ಟಾರ್ ಟಿವಿ, 1994ರಲ್ಲಿ ಉದಯ ಟಿವಿ ಬಂದ ಮೇಲೆ ಎಲ್ಲ ಕಡೆ ಕೇಬಲ್ ಬೇಕಾಯಿತು. ಆದರೆ ಇಂಥ ಊರಲ್ಲಿ ಕೇಬಲ್ ಎಳೆಯುವುದು ಸುಲಭದ ಕೆಲಸವಲ್ಲ.

ಆಗ ಡಿಶ್ಶಿಗೆ ಉಪಗ್ರಹದಿಂದ ಬರುತ್ತಿದ್ದದ್ದು ಸುಮಾರು 4 ಗಿಗಾಹರ್ಟ್ಸ್‌ನ ಮೈಕ್ರೋವೇವ್. ಅದನ್ನು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸಿ, ಕಂಟ್ರೋಲ್ ರೂಮಿನಲ್ಲಿ ಒಂದೊಂದು ಚಾನೆಲ್ಲಿಗೆ ಒಂದೊಂದು ಜಾಗ ಕೊಟ್ಟು, ಕಪ್ಪು ಕೋಆಕ್ಸಿಯಲ್ ಕೇಬಲ್ಲಿಗೆ ಬಿಡುತ್ತಿದ್ದರು. ಮನೆಗೆ ಎಳೆಯುವ ಆರ್‌ಜಿ-6 ಕೇಬಲ್ಲಿನಲ್ಲಿ 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 15 ಡೆಸಿಬೆಲ್ ನಷ್ಟ. ಅಂದರೆ ಮೂವತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ದಪ್ಪ ಕೇಬಲ್ ಹಾಕಿದರೂ ಕೆಲವು ನೂರು ಮೀಟರಿಗೊಂದು ಆಂಪ್ಲಿಫೈಯರ್ ಬೇಕು. ಅದು ಚಿತ್ರದ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಸಾಲಿನ ಕೊನೆಯ ಮನೆಗೆ ಚುಕ್ಕಿಗಳೇ ಹೆಚ್ಚು. ನಡುವೆ ಒಂದು ಕಡೆ ಕರೆಂಟು ಹೋದರೆ ಮುಂದಿನವರಿಗೆ ಏನೂ ಇಲ್ಲ.

ಇದಕ್ಕೆ ಮದ್ದು ಗಾಜಿನಲ್ಲಿತ್ತು. ಶುದ್ಧ ಗಾಜಿನ ಎಳೆಯಲ್ಲಿ ಬೆಳಕನ್ನು ದೂರ ಕಳಿಸಬಹುದೆಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಈಗಿನ ಫೈಬರ್‌ನಲ್ಲಿ ಕಿಲೋಮೀಟರಿಗೆ ನಷ್ಟ ಸುಮಾರು 0.2 ಡೆಸಿಬೆಲ್ ಅಷ್ಟೇ. 15 ಕಿ.ಮೀ. ಹೋದರೂ ಅರ್ಧ ಬೆಳಕು ಉಳಿದಿರುತ್ತದೆ, ದಾರಿಯಲ್ಲಿ ಕರೆಂಟೂ ಬೇಡ.

ಇಲ್ಲಿ ಟಿವಿಯ ಅಲೆ ಏರಿದಂತೆ ಲೇಸರ್ ಬೆಳಕು ಏರುತ್ತದೆ, ಇಳಿದಂತೆ ಇಳಿಯುತ್ತದೆ. ನೋಡ್‌ನಲ್ಲಿ ಆ ಬೆಳಕು ಮತ್ತೆ ವಿದ್ಯುತ್ ಅಲೆಯಾಗುತ್ತದೆ. ಇದು ಅನಲಾಗ್ ಲಿಂಕ್. ಪುಣೆ ಹತ್ತಿರದ ಜಿಎಂಆರ್‌ಟಿ ದೂರದರ್ಶಕವೂ ತನ್ನ 30 ದೊಡ್ಡ ಡಿಶ್‌ಗಳ ಸಂಕೇತವನ್ನು ಹೀಗೇ ಫೈಬರ್‌ನಲ್ಲಿ ತರುತ್ತದೆ. ಒಂದು ತೊಂದರೆ ಇದೆ: ಬೆಳಕು ಅರ್ಧವಾದರೆ ಹೊರಬರುವ ಸಂಕೇತದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಒಳಸೇರಿದ ಗದ್ದಲವೂ ಆಚೆ ಹೋಗುವುದಿಲ್ಲ.

ಕೇಬಲ್ ಡಿಜಿಟಲೀಕರಣದ ನಾಲ್ಕನೇ ಹಂತಕ್ಕೆ, ಅಂದರೆ ನಮ್ಮಂಥ ಹಳ್ಳಿಗಳಿಗೆ, 2017ರ ಮಾರ್ಚ್ 31 ಗಡುವಾಗಿತ್ತು. ಸೆಟ್‌ಟಾಪ್ ಬಾಕ್ಸ್ ಬಂತು, ಅನಲಾಗ್ ಮುಗಿಯಿತು ಅಂದುಕೊಂಡೆವು. ಆದರೆ ಕೇಬಲ್ ಟಿವಿಯ ಫೈಬರ್‌ನಲ್ಲಿ ಡಿಜಿಟಲ್ ಚಾನೆಲ್ಲುಗಳೂ ಅದೇ ರೇಡಿಯೋ ಅಲೆಗಳ ಮೇಲೆ ಕೂತು, ಅದೇ ಏರಿಳಿಯುವ ಬೆಳಕಿನಲ್ಲಿ ಹೋಗುತ್ತವೆ.

ಬದಲಾದದ್ದು ಕೆಡುವ ರೀತಿ. ಮೊದಲು ಚುಕ್ಕಿ ಬಂದು ಮುನ್ಸೂಚನೆ ಸಿಗುತ್ತಿತ್ತು. ಈಗ ಕೊನೆಯವರೆಗೂ ಚಿತ್ರ ಚೆನ್ನಾಗಿದ್ದು, ಒಮ್ಮೆಲೇ ನಿಂತುಬಿಡುತ್ತದೆ. ಫೈಬರ್ ಬಾಗಿರಬಹುದು, ಕನೆಕ್ಟರ್‌ಗೆ ಧೂಳು ಹಿಡಿದಿರಬಹುದು. ಅದಕ್ಕೇ ಕೇಬಲ್‌ನವರು ಮಳೆಯಲ್ಲೂ ಕಂಬ ಹತ್ತಿ ಮೊದಲು ನೋಡುವುದು, ಬೆಳಕು ಎಷ್ಟು ಬರುತ್ತಿದೆ ಎಂದು.