ಸಾವಿರ ಡಾಲರ್ ಹೀರೋ: ‘ನೆಪೋಲಿಯನ್ ಡೈನಮೈಟ್’ ಲೆಕ್ಕದಲ್ಲಿ ಬರೆಯದೇ ಉಳಿದದ್ದು

ಈ ವಾರ ಒಂದು ಸಿನಿಮಾದ ಲೆಕ್ಕ ನೋಡೋಣ. ಕಥೆ ಅಲ್ಲ, ಲೆಕ್ಕ. ನಾನು ಬಿ.ಕಾಂ. ಓದಿದವನು, ಸಿನಿಮಾ ನೋಡಿ ಬಂದ್ಮೇಲೂ ಜಮಾ-ಖರ್ಚು ಹುಡುಕೋದು ನನ್ನ ಚಟ.

2004ರಲ್ಲಿ ಅಮೆರಿಕದಲ್ಲಿ ‘ನೆಪೋಲಿಯನ್ ಡೈನಮೈಟ್’ ಅಂತ ಒಂದು ಹೈಸ್ಕೂಲ್ ಕಾಮಿಡಿ ಬಂತು. ತೆಗೆಯೋಕೆ ಆದ ಖರ್ಚು 4 ಲಕ್ಷ ಡಾಲರ್. ಥಿಯೇಟರ್‌ಗಳಲ್ಲಿ ಬಂದ ದುಡ್ಡು ಸುಮಾರು 4 ಕೋಟಿ 60 ಲಕ್ಷ ಡಾಲರ್. ಆಗ ಡಾಲರ್‌ಗೆ ಹೆಚ್ಚುಕಮ್ಮಿ 45 ರೂಪಾಯಿ. ಅಂದ್ರೆ 1 ಕೋಟಿ 80 ಲಕ್ಷ ರೂಪಾಯಿ ಹಾಕಿ 200 ಕೋಟಿಗೂ ಮೇಲೆ ಕಲೆಕ್ಷನ್. ನೂರು ಪಟ್ಟಿಗಿಂತ ಜಾಸ್ತಿ!

ರೀಲ್ಸ್‌ನಲ್ಲಾದ್ರೆ ಕಥೆ ಇಲ್ಲಿಗೇ ಮುಗಿಯುತ್ತೆ. ಆದ್ರೆ ಇನ್ನೊಂದು ಅಂಕಿ ಇದೆ. ಆ ಸಿನಿಮಾದ ಹೀರೋ ಜಾನ್ ಹೆಡರ್‌ಗೆ ಮೊದಲು ಸಿಕ್ಕ ಸಂಭಾವನೆ 1,000 ಡಾಲರ್. ಅಂದ್ರೆ 45 ಸಾವಿರ ರೂಪಾಯಿ. ಈ ಎರಡು ಅಂಕಿಗಳ ನಡುವೆ ಏನಿದೆ ಅನ್ನೋದೇ ಇವತ್ತಿನ ವಿಷಯ.

ಶುರುವಿನಿಂದ ಬರೋಣ. ಜ್ಯಾರೆಡ್ ಹೆಸ್ ಯೂಟಾ ರಾಜ್ಯದ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ ಸಿನಿಮಾ ಓದುತ್ತಿದ್ದ ಹುಡುಗ. ಅಲ್ಲೇ ಓದುತ್ತಿದ್ದ ಹೆಡರ್‌ನ ಹಾಕ್ಕೊಂಡು ‘ಪೆಲೂಕಾ’ ಅನ್ನೋ ಕಪ್ಪು-ಬಿಳುಪು ಕಿರುಚಿತ್ರ ಮಾಡಿದ. ಅದೇ ಬೆಳೆದು ಪೂರ್ತಿ ಸಿನಿಮಾ ಆಯ್ತು. ಹೆಸ್ ಮತ್ತು ಅವನ ಹೆಂಡತಿ ಜೆರೂಷಾ ಸೇರಿ ಸ್ಕ್ರಿಪ್ಟ್ ಬರೆದ್ರು. ಕಥೆ ಇಷ್ಟೇ: ಯಾರ ಜೊತೆಗೂ ಹೊಂದಿಕೊಳ್ಳದ ಒಬ್ಬ ಹೈಸ್ಕೂಲ್ ಹುಡುಗ, ಕ್ಲಾಸ್ ಪ್ರೆಸಿಡೆಂಟ್ ಎಲೆಕ್ಷನ್‌ಗೆ ನಿಂತ ಅವನ ಗೆಳೆಯ ಪೆಡ್ರೊ, ಕೊನೆಗೆ ಗೆಳೆಯನಿಗಾಗಿ ಸ್ಟೇಜ್ ಮೇಲೆ ಒಂದು ಡ್ಯಾನ್ಸ್.

2003ರ ಬೇಸಿಗೆಯಲ್ಲಿ ಶೂಟಿಂಗ್. ಜಾಗ ಐಡಹೋ ರಾಜ್ಯದ ಪ್ರೆಸ್ಟನ್ ಅನ್ನೋ ಸಣ್ಣ ಊರು. ಯಾಕೆ ಅಲ್ಲಿ? ಅದು ಹೆಸ್ ಬೆಳೆದ ಊರು. ಸಿನಿಮಾದಲ್ಲಿ ಟೀನಾ ಅನ್ನೋ ಲಾಮಾ ಇದೆಯಲ್ಲ, ಒಂಟೆ ಜಾತಿಯ ಪ್ರಾಣಿ, ಅದು ಹೆಸ್‌ನ ಅಮ್ಮನದ್ದು. ಕಾಸ್ಟ್ಯೂಮ್ ನೋಡ್ಕೊಂಡಿದ್ದು ಜೆರೂಷಾ. ನಿರ್ಮಾಪಕರಲ್ಲಿ ಒಬ್ಬನಾದ ಜೆರೆಮಿ ಕೂನ್ ಅದೇ ಕಾಲೇಜಿನವನು, ಎಡಿಟರ್ ಕೂಡ ಅವನೇ. ಅಣ್ಣ ಕಿಪ್ ಪಾತ್ರ ಮಾಡಿದ ಆರನ್ ರುಯೆಲ್ ಕೂಡ ಕಾಲೇಜಿನ ಬಳಗದವನೇ.

ಈಗ ಕಾಮರ್ಸ್ ಕಣ್ಣಿಂದ ನೋಡಿ. ಊರು, ಲಾಮಾ, ಹೆಂಡತಿಯ ದುಡಿಮೆ, ಗೆಳೆಯರ ದುಡಿಮೆ. ಇದಕ್ಕೆಲ್ಲ ಮಾರ್ಕೆಟ್ ರೇಟ್ ಹಾಕಿದ್ರೆ 4 ಲಕ್ಷ ಡಾಲರ್ ಎಲ್ಲಿ ಸಾಲುತ್ತಿತ್ತು? ಕೈಯಿಂದ ಕೊಡಲೇಬೇಕಾದ ಖರ್ಚುಗಳೂ ಇದ್ದವು. ಉದಾಹರಣೆಗೆ ಫಿಲ್ಮ್. ಇದು ಡಿಜಿಟಲ್ ಅಲ್ಲ, 35 ಎಂಎಂ ರೀಲಿನ ಮೇಲೆ ತೆಗೆದ ಸಿನಿಮಾ. ಆ ಪ್ರಸಿದ್ಧ ಡ್ಯಾನ್ಸ್ ಶೂಟ್ ಮಾಡುವಾಗ ಉಳಿದಿದ್ದು ಸುಮಾರು 10 ನಿಮಿಷದ ರೀಲು ಮಾತ್ರ ಅಂತ ಅವರೇ ಹೇಳ್ಕೊಂಡಿದ್ದಾರೆ. ಹೆಡರ್ ಬೇರೆ ಬೇರೆ ಹಾಡಿಗೆ ಕೆಲವೇ ಸಲ ಕುಣಿದ, ಅದನ್ನೇ ಕತ್ತರಿಸಿ ಜೋಡಿಸಿದ್ರು. ಅಷ್ಟೇ.

ಅಂದ್ರೆ ‘ಬಜೆಟ್’ ಅನ್ನೋದು ಸಿನಿಮಾದ ನಿಜವಾದ ಬೆಲೆ ಅಲ್ಲ. ಅದು ನಗದಾಗಿ ಕೊಟ್ಟ ದುಡ್ಡು. ಕೊಡದೇ ಉಳಿಸಿದ ದುಡ್ಡು ಎಲ್ಲೂ ಎಂಟ್ರಿ ಆಗಲ್ಲ. ಆದ್ರೆ ಅದೂ ಬಂಡವಾಳವೇ. ಯಾರೋ ಒಬ್ಬರು ಹಾಕಿದ್ದು.

ಮುಂದೆ, ಜನವರಿ 2004. ಸಂಡ್ಯಾನ್ಸ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಜನ ಬಿದ್ದು ಬಿದ್ದು ನಕ್ಕರು. ಫಾಕ್ಸ್ ಸರ್ಚ್‌ಲೈಟ್ ಕಂಪನಿ ಖರ್ಚಿನ ಹಲವು ಪಟ್ಟು ಬೆಲೆಗೆ ಸಿನಿಮಾ ತಗೊಂಡಿತು. ಪ್ರಚಾರಕ್ಕೆ ಎಂಟಿವಿ ಕೈಜೋಡಿಸಿತು. ಶುರುವಿನ ಟೈಟಲ್, ಅಂದ್ರೆ ತಟ್ಟೆಗಳಲ್ಲಿ ಊಟ ಇಟ್ಟು ಹೆಸರು ತೋರಿಸೋದು ಇದೆಯಲ್ಲ, ಅದನ್ನ ಸೇರಿಸಿದ್ದು ಆಮೇಲೆ. ಜೂನ್ 11ಕ್ಕೆ ಬೆರಳೆಣಿಕೆಯ ಥಿಯೇಟರ್‌ಗಳಲ್ಲಿ ರಿಲೀಸ್. ನೋಡಿದವರು ಇನ್ನೊಬ್ಬರಿಗೆ ಹೇಳ್ತಾ ಹೋದ್ರು. ನಿಧಾನಕ್ಕೆ ಅದು ಸಾವಿರ ಥಿಯೇಟರ್‌ಗೆ ಹಬ್ಬಿತು. ‘ವೋಟ್ ಫಾರ್ ಪೆಡ್ರೊ’ ಟೀ ಶರ್ಟ್ ಹಾಕ್ಕೊಂಡವರು ಎಲ್ಲೆಲ್ಲೂ ಕಾಣಿಸೋಕೆ ಶುರುವಾಯ್ತು.

ಎಲ್ಲರಿಗೂ ಇಷ್ಟ ಆಯ್ತಾ? ಇಲ್ಲ. ಕೆಲವರಿಗೆ ಪ್ರಾಣ, ಕೆಲವರಿಗೆ ತಲೆನೋವು. ಎಷ್ಟರಮಟ್ಟಿಗೆ ಅಂದ್ರೆ, ನೆಟ್‌ಫ್ಲಿಕ್ಸ್ 2006ರಲ್ಲಿ ತನ್ನ ‘ನಿಮಗೆ ಇದೂ ಇಷ್ಟ ಆಗಬಹುದು’ ಲೆಕ್ಕಾಚಾರ ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಅಂತ ಸ್ಪರ್ಧೆ ಇಟ್ಟಾಗ, ಸ್ಪರ್ಧಿಗಳಿಗೆ ಅತಿ ಹೆಚ್ಚು ಕಾಟ ಕೊಟ್ಟ ಸಿನಿಮಾಗಳಲ್ಲಿ ಇದೂ ಒಂದು. ಯಾರು ಒಂದು ಸ್ಟಾರ್ ಕೊಡ್ತಾರೆ, ಯಾರು ಐದು ಕೊಡ್ತಾರೆ ಅಂತ ಊಹಿಸೋಕೇ ಆಗ್ತಿರಲಿಲ್ಲ.

ಸರಿ, 4 ಕೋಟಿ 60 ಲಕ್ಷ ಡಾಲರ್ ಬಂತು. ಆದ್ರೆ ಅದು ಗ್ರಾಸ್. ನಮ್ಮ ಗಾಂಧಿನಗರದಲ್ಲಿ ‘ಗ್ರಾಸ್ ಬೇರೆ, ಶೇರ್ ಬೇರೆ’ ಅಂತಾರಲ್ಲ, ಅಲ್ಲೂ ಅದೇ ಕಥೆ. ಟಿಕೆಟ್ ದುಡ್ಡಲ್ಲಿ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ನವರಿಗೆ. ಉಳಿದ ಅರ್ಧದಲ್ಲಿ ಡಿಸ್ಟ್ರಿಬ್ಯೂಟರ್ ಕಮಿಷನ್, ಜಾಹೀರಾತು, ಒಂದೊಂದು ಥಿಯೇಟರ್‌ಗೂ ಒಂದೊಂದು ಪ್ರಿಂಟ್. ಇದೆಲ್ಲ ಕಳೆದು ಉಳಿದದ್ದಕ್ಕೆ ‘ನೆಟ್’ ಅಂತ ಹೆಸರು. ಅದನ್ನ ಲೆಕ್ಕ ಹಾಕೋದು ಯಾರು? ದುಡ್ಡು ಇಟ್ಟುಕೊಂಡಿರೋ ಕಂಪನಿಯೇ.

ಅದಕ್ಕೇ ಈ ಕಥೆ ಕೋರ್ಟ್‌ಗೂ ಹೋಯ್ತು. ಡಿವಿಡಿ ಕಾಲ ಅದು, ಈ ಸಿನಿಮಾ ಡಿವಿಡಿಯಲ್ಲಿ ಭರ್ಜರಿ ಮಾರಾಟ ಆಗಿತ್ತು. ನಮ್ಮ ಪಾಲನ್ನ ಸರಿಯಾಗಿ ಲೆಕ್ಕ ಹಾಕಿಲ್ಲ ಅಂತ ನಿರ್ಮಾಪಕರ ಕಂಪನಿ 2011ರಲ್ಲಿ ಫಾಕ್ಸ್ ಮೇಲೆ ದಾವೆ ಹೂಡಿತು. ತೀರ್ಪು ಬಹುಪಾಲು ಫಾಕ್ಸ್ ಕಡೆಗೇ ಬಂತು. ಅಂಥ ಜಗಳದಲ್ಲಿ ಸಿನಿಮಾ ಎಷ್ಟು ಚೆನ್ನಾಗಿತ್ತು ಅನ್ನೋದು ಮುಖ್ಯ ಅಲ್ಲ, ಕಾಗದದಲ್ಲಿ ಏನಿದೆ ಅನ್ನೋದು ಮುಖ್ಯ.

ಹೆಡರ್ ಕಥೆ? ಸಿನಿಮಾ ಹಿಟ್ ಆದ್ಮೇಲೆ ಅವನು ಮತ್ತೆ ಮಾತಾಡಿ ಲಾಭದಲ್ಲಿ ಒಂದು ಪಾಲು ತಗೊಂಡ. ಒಳ್ಳೇದಾಯ್ತು. ಆದ್ರೆ ಗಮನಿಸಿ, ಅವನ ಮುಖ ಪೋಸ್ಟರ್ ಮೇಲಿತ್ತು. ಮತ್ತೆ ಮಾತಾಡೋ ಬಲ ಅವನಿಗಿತ್ತು. ಲೈಟ್ ಹಿಡಿದವನಿಗೆ, ಊಟ ಬಡಿಸಿದವನಿಗೆ ಆ ಬಲ ಯಾವ ಊರಲ್ಲೂ ಇರಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾನೇ ಈ ತಪ್ಪು ಮಾಡಿದ್ದೀನಿ. ಈ ಪಾಡ್‌ಕಾಸ್ಟ್‌ನ ಮೊದಲ ವರ್ಷ ಎಡಿಟ್ ಮಾಡಿದ್ದು ನನ್ನ ಕಾಲೇಜ್ ಗೆಳೆಯ. ಒಂದು ರೂಪಾಯಿ ಕೊಟ್ಟಿರಲಿಲ್ಲ. ‘ದುಡ್ಡು ಬಂದಾಗ ನೋಡ್ಕೊಳ್ಳೋಣ ಬಿಡು ಮಗಾ’ ಅಂತ ಅವನೇ ಅಂದಿದ್ದ. ನಾನೂ ಸುಮ್ಮನಾದೆ. ಮೊದಲ ಸ್ಪಾನ್ಸರ್ ಬಂದ ದಿನ ಅವನಿಗೆ ಎಷ್ಟು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ನಾನು ಹೇಳಿದ ಮೊತ್ತ ಕೇಳಿ ಅವನು ನಕ್ಕ, ಆದ್ರೆ ಅದು ಖುಷಿಯ ನಗು ಅಲ್ಲ. ಹದಿನೈದು ದಿನ ಮಾತು ಬಿಟ್ಟಿದ್ವಿ. ನನ್ನ ಎಕ್ಸೆಲ್ ಶೀಟ್‌ನಲ್ಲಿ ಎಡಿಟಿಂಗ್ ಖರ್ಚು ಸೊನ್ನೆ ಅಂತಿತ್ತು. ಆ ಸೊನ್ನೆಯೇ ತಪ್ಪು.

ಕೊನೆಗೆ ಒಂದು ಸಂಜೆ ಟೀ ಅಂಗಡಿಯಲ್ಲಿ ಕೂತು ಒಂದು ಹಾಳೆಯಲ್ಲಿ ಬರೆದ್ವಿ: ಹಿಂದಿನ ಕೆಲಸಕ್ಕೆ ಇಷ್ಟು, ಮುಂದಿನದಕ್ಕೆ ಬರೋ ದುಡ್ಡಲ್ಲಿ ಇಷ್ಟು ಪರ್ಸೆಂಟ್, ಖರ್ಚು ಕಳೆಯೋ ಮೊದಲು. ಆ ಕೊನೆಯ ಮೂರು ಪದ ಅವನೇ ಸೇರಿಸಿದ್ದು. ಅವನು ಓದಿದ್ದು ಇಂಜಿನಿಯರಿಂಗ್.

ನೀವೂ ಗೆಳೆಯರ ಜೊತೆ ಸೇರಿ ಶಾರ್ಟ್ ಫಿಲ್ಮೋ ಚಾನೆಲ್ಲೋ ಮಾಡ್ತಿದ್ರೆ, ಕ್ಯಾಮೆರಾ ಬಾಡಿಗೆಗೆ ತರೋ ಮೊದಲು ಅಂಥ ಒಂದು ಹಾಳೆ ಬರೆದಿಡಿ. ಗಳಿಕೆ ಸೊನ್ನೆ ಇರುವಾಗ ಪಾಲು ಹಂಚೋದು ಸುಲಭ, ಯಾರಿಗೂ ಬೇಜಾರಾಗಲ್ಲ.

ಮುಂದಿನ ವಾರ ಸಿಗೋಣ. ಈ ಎಪಿಸೋಡ್ ಎಡಿಟ್ ಮಾಡಿದ್ದೂ ಅವನೇ. ದುಡ್ಡು ಕೊಟ್ಟಾಗಿದೆ.