ನಡವಳಿ ಪುಸ್ತಕ ಯಾರ ಕೈಲಿದೆ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ. ಪಂಚಾಯಿತಿ ಸದಸ್ಯರಾಗಿರೋ ನಮ್ಮವರು ಯಾರಾದ್ರೂ ಗೊತ್ತಿದ್ರೆ ಅವರಿಗೂ ಓದಿ ಹೇಳಿ.

ಹೋದ ತಿಂಗಳು ಒಂದು ಭಾನುವಾರ ನಮ್ಮ ಕಡೆಯ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ಮನೆಗೆ ಬಂದಿದ್ರು. ಮೀಸಲು ಸ್ಥಾನದಿಂದ ಗೆದ್ದವರು. ಓದಿದ್ದು ಏಳನೇ ಕ್ಲಾಸು, ಇವತ್ತಿಗೂ ಕೂಲಿಗೆ ಹೋಗ್ತಾರೆ. ಕೈಯಲ್ಲಿ ಮಡಚಿದ ಒಂದು ಜೆರಾಕ್ಸ್ ಇತ್ತು.

"ಅಣ್ಣ, ನಮ್ಮ ಕೇರಿ ಚರಂಡಿ ದುಡ್ಡು ಬೇರೆ ಬೀದಿಗೆ ಹೋಗೈತೆ. ಯಾಕೆ ಅಂತ ಕೇಳಿದ್ರೆ, ನೀನೇ ಸೈನ್ ಹಾಕಿದ್ದೀಯಲ್ಲಮ್ಮ ಅಂತಾರೆ."

ಬಿಡಿಸಿ ನೋಡಿದೆ. ಸಭೆಯ ನಡವಳಿ. ಕಾಮಗಾರಿ ಬದಲಾವಣೆ ವಿಷಯದ ಕೆಳಗೆ ಹೀಗೆ ಬರೆದಿತ್ತು: "ಸಭೆಯು ಸದರಿ ವಿಷಯದ ಬಗ್ಗೆ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಿತು."

"ಅಕ್ಕ, ಚರ್ಚೆ ಆಯ್ತಾ?" ಅಂದೆ.

"ಎಲ್ಲಿ ಚರ್ಚೆ ಅಣ್ಣ. ಟೀ ಬಂತು, ಕುಡಿದ್ವಿ. ಪುಸ್ತಕ ಕೊಟ್ರು. ನನ್ನ ಹೆಸರಿನ ಮುಂದೆ ಸೈನ್ ಹಾಕ್ದೆ. ಒಳಗಡೆ ಹಾಳೆ ಖಾಲಿ ಇತ್ತು."

ನನಗೆ ತಲೆ ತಗ್ಗಿತು. ಯಾಕಂದ್ರೆ ನಾನೂ ಒಬ್ಬ ಗುಮಾಸ್ತ. ಬೇರೆ ಇಲಾಖೆ ಇರಬಹುದು, ಆದರೆ ಆ "ಸುದೀರ್ಘವಾಗಿ ಚರ್ಚಿಸಿ" ಅನ್ನೋ ವಾಕ್ಯವನ್ನ ನಾನೂ ಲೆಕ್ಕವಿಲ್ಲದಷ್ಟು ಸಲ ಬರೆದಿದ್ದೀನಿ. ಎಷ್ಟೋ ಸಭೆಗಳ ನಡವಳಿ ಸಭೆಗೆ ಮುಂಚೆಯೇ ಟೈಪ್ ಆಗಿರುತ್ತೆ. ಆ ವಾಕ್ಯದ ಕೆಳಗೆ ಯಾರ ಚರಂಡಿ ಮುಚ್ಚಿಹೋಯ್ತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಸ್ಥಳೀಯ ಸಂಸ್ಥೆಯ ಸಭೆ ಹೇಗೆ ಕರೀಬೇಕು, ಯಾರು ಕೂರಬೇಕು, ಯಾರು ಬರೀಬೇಕು ಅನ್ನೋದು ನಮಗೆ ಬೋರು ಹೊಡೆಸೋ ವಿಷಯ. ಭಾಷಣ ಮಾಡೋಕೆ ಚಳವಳಿಯಲ್ಲಿ ಬೇಕಾದಷ್ಟು ಜನ ಇದ್ದೀವಿ. ಸಭಾ ನಿಯಮ ಓದೋರು ಕಮ್ಮಿ. ಆದರೆ ನಮ್ಮ ಚರಿತ್ರೆಯ ದೊಡ್ಡ ಹೋರಾಟವೊಂದು ಶುರುವಾಗಿದ್ದೇ ಒಂದು ಪುರಸಭೆಯ ಠರಾವಿನಿಂದ.

ಮಾರ್ಚ್ 20 ಬಂದ್ರೆ ನಾವೆಲ್ಲ ಮಹಾಡ್ ಚವದಾರ್ ಕೆರೆಯ ಫೋಟೋ ಹಾಕ್ತೀವಿ. ಬಾಬಾಸಾಹೇಬರು ಬೊಗಸೆಯಲ್ಲಿ ನೀರು ಎತ್ತುತ್ತಿರೋ ಚಿತ್ರ. ಆ ಬೊಗಸೆ ನೀರಿನ ಹಿಂದೆ ಮೂರು ಸಭೆಗಳ ಕಥೆ ಇದೆ.

ಮೊದಲನೆಯದು 1923ರ ಆಗಸ್ಟ್ 4ರದ್ದು. ಮುಂಬೈ ಶಾಸನ ಪರಿಷತ್ತಿನಲ್ಲಿ ಸೀತಾರಾಮ್ ಕೇಶವ ಬೋಲೆ ಅನ್ನೋ ಸುಧಾರಕರು ಒಂದು ನಿರ್ಣಯ ಮಂಡಿಸಿದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ಸರ್ಕಾರ ಅಥವಾ ಕಾನೂನು ನೇಮಿಸಿದ ಸಂಸ್ಥೆಗಳು ನಡೆಸುವ ಕೆರೆ, ಬಾವಿ, ಧರ್ಮಶಾಲೆಗಳನ್ನೂ, ಸರ್ಕಾರಿ ಶಾಲೆ, ಕೋರ್ಟು, ಕಚೇರಿ, ಆಸ್ಪತ್ರೆಗಳನ್ನೂ ಅಸ್ಪೃಶ್ಯರು ಬಳಸಲು ಬಿಡಬೇಕು ಅನ್ನೋದು ಅದರ ತಿರುಳು. ನಿರ್ಣಯ ಪಾಸಾಯ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಇಲಾಖೆಗಳಿಗೆ ಆದೇಶವನ್ನೂ ಕಳಿಸಿತು. ಆಗ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಎಲ್ಲ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಅಂದ್ರೆ ಈ ನಿರ್ಣಯ ಬರೀ ಮರಾಠಿ ಸೀಮೆಯ ಕಥೆ ಅಲ್ಲ, ನಮ್ಮ ಉತ್ತರ ಕರ್ನಾಟಕದ ಕೆರೆ ಬಾವಿಗಳಿಗೂ ಸಂಬಂಧಪಟ್ಟಿದ್ದು.

ಎರಡನೆಯದು 1924ರ ಜನವರಿಯದ್ದು. ಕೊಲಾಬಾ ಜಿಲ್ಲೆಯ, ಅಂದ್ರೆ ಇವತ್ತಿನ ರಾಯಗಡ ಜಿಲ್ಲೆಯ ಮಹಾಡ್ ಪುರಸಭೆ ಆ ನಿರ್ಣಯವನ್ನು ಒಪ್ಪಿ, ಚವದಾರ್ ಕೆರೆ ಅಸ್ಪೃಶ್ಯರಿಗೂ ಮುಕ್ತ ಅಂತ ಠರಾವು ಮಾಡಿತು. ಸುರೇಂದ್ರನಾಥ ಟಿಪ್ನೀಸ್ ಅವರಂಥ ಮೇಲ್ಜಾತಿಯ ಪ್ರಗತಿಪರರು ಆ ಪುರಸಭೆಯಲ್ಲಿ ನಮ್ಮ ಪರವಾಗಿ ನಿಂತಿದ್ದರು, ಅದನ್ನ ನೆನೀಬೇಕು.

ಠರಾವು ಆಯ್ತು, ಪುಸ್ತಕದಲ್ಲಿ ದಾಖಲಾಯ್ತು. ಆಮೇಲೆ? ಮೂರು ವರ್ಷ ನಮ್ಮವರು ಒಬ್ಬರೂ ಆ ನೀರು ಮುಟ್ಟೋಕೆ ಆಗಲಿಲ್ಲ. ಊರಿನ ಸವರ್ಣೀಯರ ಭಯ. ಪುರಸಭೆಯೂ ಜಾರಿ ಮಾಡೋ ಗೋಜಿಗೆ ಹೋಗಲಿಲ್ಲ. 1926ರಲ್ಲಿ ಬೋಲೆ ಅವರು ಮತ್ತೆ ಎದ್ದು ನಿಂತು, ಈ ನಿರ್ಣಯ ಪಾಲಿಸದ ಪುರಸಭೆಗಳ ಅನುದಾನ ತಡೀಬೇಕು ಅನ್ನೋ ನಿರ್ಣಯ ತರಬೇಕಾಯ್ತು.

1927ರ ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ಸಮಾವೇಶ ನಡೀತು. 20ನೇ ತಾರೀಖು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಹೋಗಿ ನೀರು ಕುಡಿದರು. ಅವರು ಯಾವ ಕಾನೂನನ್ನೂ ಮುರಿಯಲಿಲ್ಲ ಅನ್ನೋದನ್ನ ಗಮನಿಸಿ. ಮೂರು ವರ್ಷ ಹಳೆಯ ಪುರಸಭೆ ಠರಾವನ್ನು ಅವರು ತಮ್ಮ ಕಾಲಿನಿಂದ ಜಾರಿ ಮಾಡಿದರು, ಅಷ್ಟೇ. ಅದಕ್ಕೆ ಸಿಕ್ಕ ಪ್ರತಿಫಲ ಏನು ಅಂದ್ರೆ, ದೇವಸ್ಥಾನಕ್ಕೂ ನುಗ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿಸಿ ನಮ್ಮವರನ್ನ ಹೊಡೆದರು. ಆಮೇಲೆ 108 ಕೊಡ ನೀರು ತೆಗೆದು, ಪಂಚಗವ್ಯ ಬೆರೆಸಿ ಕೆರೆ "ಶುದ್ಧ" ಮಾಡಿದರು.

ಮೂರನೇ ಸಭೆ ಆಗಸ್ಟ್ 4, 1927. ಬೋಲೆ ನಿರ್ಣಯಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ. ಅದೇ ಮಹಾಡ್ ಪುರಸಭೆ ಸಭೆ ಸೇರಿ 1924ರ ಠರಾವನ್ನು ರದ್ದು ಮಾಡಿತು.

ನಮ್ಮನ್ನ ಕೆರೆಯಿಂದ ದೂರ ಇಡೋಕೆ ದೊಣ್ಣೆ ಒಂದೇ ಸಾಕಾಗಲಿಲ್ಲ ಅಂತ ಇದರ ಅರ್ಥ. ಅವರೂ ಸಭೆ ಕರೆದರು, ಅವರೂ ಮತ ಹಾಕಿದರು, ಅವರೂ ಪುಸ್ತಕದಲ್ಲಿ ಬರೆದರು. ನಮಗೆ ನೀರು ಕೊಟ್ಟ ಪುಸ್ತಕವೇ ಅದನ್ನ ಕಿತ್ತುಕೊಂಡಿತು. ಆ ದಿನ ಆ ಸಭೆಯ ಒಳಗೆ ಕೈ ಎತ್ತಿ "ಇಲ್ಲ" ಅನ್ನೋಕೆ ನಮ್ಮ ಬಲ ಇರಲಿಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಕರೆ ಕೊಟ್ಟಾಗ ಸವರ್ಣೀಯರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟಿದ್ದು ಎಲ್ಲರಿಗೂ ಗೊತ್ತು. ಆ ಸಲ ಬಾಬಾಸಾಹೇಬರು ನೀರು ಮುಟ್ಟಲಿಲ್ಲ, ಕೋರ್ಟಿನ ಆಜ್ಞೆ ಪಾಲಿಸಿದರು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹತ್ತು ವರ್ಷ ಕೇಸು ನಡೆಸಿದರು. 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟ್ ನಮ್ಮ ಪರ ತೀರ್ಪು ಕೊಟ್ಟಿತು. ಅಸ್ಪೃಶ್ಯರನ್ನ ಹೊರಗಿಡೋದು ಅನಾದಿಯಿಂದ ಬಂದ ಪದ್ಧತಿ ಅಂತ ವಾದಿಗಳು ಸಾಬೀತು ಮಾಡಿಲ್ಲ ಅಂದಿತು.

ಮಹಾಡ್‌ನಲ್ಲಿ ಕಲಿತ ಪಾಠವನ್ನ ಬಾಬಾಸಾಹೇಬರು ಮರೀಲಿಲ್ಲ. 1932ರ ಅಕ್ಟೋಬರ್‌ನಲ್ಲಿ ಮುಂಬೈ ಶಾಸನ ಪರಿಷತ್ತಿಗೆ ಗ್ರಾಮ ಪಂಚಾಯಿತಿ ಮಸೂದೆ ಬಂತು. ವಯಸ್ಕರಿಗೆಲ್ಲ ಮತದಾನ ಇದೆಯಲ್ಲ, ಇನ್ನೇನು ಬೇಕು ಅನ್ನೋದು ಮಸೂದೆ ತಂದವರ ವಾದ. ಬಾಬಾಸಾಹೇಬರು ಒಪ್ಪಲಿಲ್ಲ. ಒಂದೊಂದು ಹಳ್ಳಿಯಲ್ಲೂ ನಮ್ಮವರು ಬೆರಳೆಣಿಕೆಯ ಮನೆಗಳು, ಬರೀ ಮತದಿಂದ ಒಬ್ಬನೂ ಒಳಗೆ ಹೋಗೋಕಾಗಲ್ಲ, ಶೋಷಿತ ವರ್ಗಕ್ಕೆ ಮೀಸಲು ಸ್ಥಾನ ಇಲ್ಲದ ಪಂಚಾಯಿತಿ ನಮಗೆ ಬೇಡ ಅಂತ ವಾದಿಸಿದರು.

1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲೂ ಅವರು ಹಳ್ಳಿಯನ್ನ ಹೊಗಳೋರ ಎದುರು ನಿಂತು, ಕರಡು ಸಂವಿಧಾನ ಹಳ್ಳಿಯನ್ನ ಬಿಟ್ಟು ವ್ಯಕ್ತಿಯನ್ನ ಘಟಕವಾಗಿ ತಗೊಂಡಿದ್ದು ಸಂತೋಷ ಅಂದರು. ಆಮೇಲೆ ಅದೇ ತಿಂಗಳು ಪಂಚಾಯಿತಿ ಬಗ್ಗೆ ತಿದ್ದುಪಡಿ ಬಂದಾಗ ಒಪ್ಪಿಕೊಂಡರು. ಅದೇ ಇವತ್ತಿನ 40ನೇ ವಿಧಿ. ಅವರು ಪಂಚಾಯಿತಿ ವಿರೋಧಿ ಅಂತ ಹೇಳೋರಿಗೆ 1932ರ ಮಾತು ತೋರಿಸಿ. ಒಳಗೆ ನಮಗೆ ಜಾಗ ಎಲ್ಲಿದೆ ಅನ್ನೋದೇ ಅವರ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ ಸಂವಿಧಾನದಲ್ಲಿ ಉತ್ತರ ಬರೋಕೆ 1993ರವರೆಗೂ ಕಾಯಬೇಕಾಯ್ತು. ನಮ್ಮ ಕರ್ನಾಟಕ ಸ್ವಲ್ಪ ಮುಂದಿತ್ತು. ನಜೀರ್ ಸಾಬ್ ಅವರ ಶ್ರಮದಿಂದ ಬಂದ 1983ರ ಕಾಯ್ದೆಯಡಿ 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ ಚುನಾವಣೆ ಆದಾಗ ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲಾತಿ ಇತ್ತು. 1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂತು. 243ಡಿ ವಿಧಿ ಸದಸ್ಯ ಸ್ಥಾನದ ಜೊತೆಗೆ ಅಧ್ಯಕ್ಷ ಸ್ಥಾನಕ್ಕೂ ಮೀಸಲಾತಿ ತಂತು. ಮುಂದಿನ ತಿಂಗಳೇ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯ್ತು.

ಕುರ್ಚಿ ಬಂತು. ಆ ಕುರ್ಚಿಯ ಬೆಲೆ ಎಷ್ಟು ಅಂತ ಪಕ್ಕದ ತಮಿಳುನಾಡಿನ ಮೇಲವಳವು ನೋಡಿ. ಮಧುರೈ ಜಿಲ್ಲೆಯ ಆ ಪಂಚಾಯಿತಿ ಅಧ್ಯಕ್ಷ ಸ್ಥಾನ 1996ರಲ್ಲಿ ಪರಿಶಿಷ್ಟರಿಗೆ ಮೀಸಲಾಯ್ತು. ಬೆದರಿಕೆಗಳ ನಡುವೆ ಗೆದ್ದ ಮುರುಗೇಶನ್ ಅವರನ್ನು ಪಂಚಾಯಿತಿ ಕಚೇರಿಯಲ್ಲಿ ಕೂರೋಕೂ ಬಿಡಲಿಲ್ಲ. 1997ರ ಜೂನ್ 30ರಂದು ಬಸ್ಸಿನಲ್ಲಿ ವಾಪಸ್ ಬರ್ತಿದ್ದಾಗ ಅವರನ್ನೂ ಜೊತೆಗಿದ್ದ ಐವರನ್ನೂ ಕೊಚ್ಚಿ ಕೊಂದರು. ಅದೇ ಸೀಮೆಯ ಪಾಪಾಪಟ್ಟಿ, ಕೀರಿಪಟ್ಟಿಗಳಲ್ಲಿ ದಲಿತ ಅಧ್ಯಕ್ಷ ಬೇಡ ಅಂತ 10 ವರ್ಷ ಪಂಚಾಯಿತಿಯೇ ನಡೆಯೋಕೆ ಬಿಡಲಿಲ್ಲ. ಚುನಾವಣೆ ಸರಿಯಾಗಿ ಆಗಿದ್ದು 2006ರಲ್ಲಿ.

ನಮ್ಮ ಕಡೆ ಅಷ್ಟು ರಕ್ತ ಹರಿದಿಲ್ಲ ಅಂತ ಸಮಾಧಾನ ಪಟ್ಕೊಳ್ಳೋದು ಬೇಡ. ಇಲ್ಲಿ ಕುರ್ಚಿ ಕೊಟ್ಟು ಪುಸ್ತಕ ಬಚ್ಚಿಡ್ತಾರೆ. "ನೀನು ಕೂತ್ಕೊಳಮ್ಮ, ಬರೆಯೋದು ನಾವು ನೋಡ್ಕೋತೀವಿ" ಅನ್ನೋದು ಇಲ್ಲಿನ ವಿಧಾನ.

ಆದರೆ ಕಾಯ್ದೆ ಏನು ಹೇಳುತ್ತೆ? ಗ್ರಾಮ ಪಂಚಾಯಿತಿ ಸಭೆ ಬಗ್ಗೆ 52, 53ನೇ ಸೆಕ್ಷನ್ ತೆಗೆದು ನೋಡಿ. ಮೂರನೇ ಒಂದು ಭಾಗ ಸದಸ್ಯರು ಲಿಖಿತವಾಗಿ ಕೇಳಿದರೆ ಅಧ್ಯಕ್ಷರು ವಿಶೇಷ ಸಭೆ ಕರೀಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಜನ ಇದ್ದರೆ ಕೋರಂ. ತೀರ್ಮಾನ ಹಾಜರಿದ್ದು ಮತ ಹಾಕಿದವರ ಬಹುಮತದಿಂದ. ತನಗೆ ಹಣಕಾಸಿನ ಲಾಭ ಇರೋ ವಿಷಯದ ಚರ್ಚೆಯಲ್ಲಿ ಸದಸ್ಯ ಭಾಗವಹಿಸೋ ಹಾಗಿಲ್ಲ, ಮತ ಹಾಕೋ ಹಾಗಿಲ್ಲ. ಸಭೆಯ ನಡವಳಿಯನ್ನ ಚರ್ಚೆ ಮುಗಿದ ತಕ್ಷಣವೇ ಪುಸ್ತಕದಲ್ಲಿ ಬರೀಬೇಕು, ಓದಬೇಕು, ಆಮೇಲೆ ಅಧ್ಯಕ್ಷತೆ ವಹಿಸಿದವರು ಸಹಿ ಹಾಕಬೇಕು. ತಗೊಂಡ ಕ್ರಮದ ವರದಿ ಮುಂದಿನ ಸಭೆಗೆ ಬರಬೇಕು. ಪುಸ್ತಕ ಯಾವಾಗಲೂ ಪಂಚಾಯಿತಿ ಕಚೇರಿಯಲ್ಲೇ ಇರಬೇಕು. ಯಾರದೋ ಮನೆಯಲ್ಲಿ, ಯಾರದೋ ಬೈಕಿನ ಡಿಕ್ಕಿಯಲ್ಲಿ ಅಲ್ಲ.

ಬರೀಬೇಕು, ಓದಬೇಕು, ಆಮೇಲೆ ಸಹಿ. ಈ ಕ್ರಮವನ್ನ ನೆನಪಿಟ್ಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಇದು ತಲೆಕೆಳಗಾಗಿದೆ. ಮೊದಲು ಸಹಿ, ಆಮೇಲೆ ಬರಹ. ಓದೋದಂತೂ ಇಲ್ಲವೇ ಇಲ್ಲ. ಅಜೆಂಡಾದ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಅಂತ ಒಂದು ಸಾಲು ಇರುತ್ತಲ್ಲ, ನಮ್ಮ ಕೇರಿಯ ಚರಂಡಿ, ಬೀದಿ ದೀಪ, ಸ್ಮಶಾನದ ಜಾಗ ಎಲ್ಲ ಕಳೆದುಹೋಗೋದು ಬಹುತೇಕ ಆ ಸಾಲಿನೊಳಗೇ.

ಆ ಅಕ್ಕನಿಗೆ ನಾನು ದೊಡ್ಡ ಸಲಹೆ ಏನೂ ಕೊಡಲಿಲ್ಲ. ಮುಂದಿನ ಸಭೆ ನೋಟಿಸು ಬಂದಾಗ ಮೊದಲನೇ ವಿಷಯ ಓದಿಸಿದೆ: "ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವ ಬಗ್ಗೆ." ಆ ಸಾಲು ಬಂದಾಗ ಎದ್ದು ನಿಂತು "ಓದಿ" ಅಂತ ಮಾತ್ರ ಹೇಳಿ ಅಂದೆ. ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲಿನ ಆಕ್ಷೇಪಣೆಯನ್ನ ಅವರ ಕೈಯಲ್ಲೇ ಬರೆಸಿದೆ. ಎರಡು ಪ್ರತಿ. ಒಂದಕ್ಕೆ ಸ್ವೀಕೃತಿ ಸೀಲು ಹಾಕಿಸ್ಕೊಳ್ಳಿ ಅಂದೆ.

ಸಭೆ ದಿನ ಸಂಜೆ ಫೋನ್ ಮಾಡಿದ್ರು. "ಅಣ್ಣ, ನಿಂತ್ಕೊಂಡಾಗ ಕಾಲು ನಡುಗ್ತು. ಎಲ್ರೂ ನನ್ನೇ ನೋಡಿದ್ರು. ಒಬ್ಬರು ನಕ್ಕರು. ಆದ್ರೂ ಓದಿ ಅಂದೆ. ಓದಿದ್ರು. ಆ ಚರಂಡಿ ಸಾಲು ಬಂದಾಗ, ಇದು ಚರ್ಚೆ ಆಗಿಲ್ಲ, ನನ್ನ ಒಪ್ಪಿಗೆ ಇಲ್ಲ ಅಂದೆ. ಬರ್ಕೊಂಡ್ರು."

ಚರಂಡಿ ಇನ್ನೂ ಆಗಿಲ್ಲ. ಸುಳ್ಳು ಹೇಳೋದಿಲ್ಲ. ಆದರೆ ಆ ಪುಸ್ತಕದಲ್ಲಿ ಈಗ ಒಂದು ಸಾಲು ಇದೆ, ಆಕೆಯ ಹೆಸರಿನ ಜೊತೆ, "ಆಕ್ಷೇಪಿಸಿರುತ್ತಾರೆ" ಅಂತ. ನಾಳೆ ಮೇಲಧಿಕಾರಿಗೆ ಹೋಗೋಕೂ, ಕೋರ್ಟಿಗೆ ಹೋಗೋಕೂ ಆ ಸಾಲೇ ದಾರಿ.

ಬಂಧುಗಳೇ, ಮಹಾಡ್‌ನಲ್ಲಿ ಠರಾವು ಇತ್ತು, ಅದನ್ನ ಕಾಯೋಕೆ ಒಳಗೆ ನಮ್ಮವರು ಇರಲಿಲ್ಲ. ಇವತ್ತು ಒಳಗೆ ನಮ್ಮವರು ಇದ್ದಾರೆ, ಅವರ ಸಹಿ ಖಾಲಿ ಹಾಳೆ ಮೇಲಿದೆ. ನಿಮ್ಮೂರಿನ ಪಂಚಾಯಿತಿಯಲ್ಲಿ ನಮ್ಮ ಸದಸ್ಯರು ಯಾರು ಅಂತ ತಿಳ್ಕೊಳ್ಳಿ. ಈ ವಾರ ಒಂದು ಸಂಜೆ ಅವರ ಮನೆಗೆ ಹೋಗಿ. ಹಾರ, ಶಾಲು ಬೇಡ. ಹಿಂದಿನ ಸಭೆಯ ನಡವಳಿ ನಕಲು ತರಿಸ್ಕೊಂಡು ಒಟ್ಟಿಗೆ ಕೂತು ಓದಿ. ಕೊಡಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಬರೆಯೋಕೆ ಬರದಿದ್ರೆ ನನಗೆ ಹೇಳಿ, ಬರ್ಕೊಡ್ತೀನಿ. ಇಷ್ಟು ವರ್ಷ ಯಾರ್ಯಾರಿಗೋ ಬರೆದಿದ್ದೀನಿ, ಇನ್ನು ನಮ್ಮವರಿಗೆ ಬರೀತೀನಿ.

ಓದದೆ ಸಹಿ ಹಾಕಬೇಡಿ.

ಜೈಭೀಮ್.