ಆರ್‌ಎಫ್‌ಐಡಿ ಟ್ಯಾಗ್‌ಗಳ ಹಗುರ ಗೂಢಲಿಪಿ ದೃಢೀಕರಣ

ಬ್ಯಾಟರಿಯಿಲ್ಲದ, ರೀಡರ್‌ನ (ಟ್ಯಾಗ್ ಓದುವ ಸಾಧನದ) ರೇಡಿಯೊ ಅಲೆಗಳಿಂದಲೇ ಶಕ್ತಿ ಪಡೆಯುವ ಅಗ್ಗದ ಟ್ಯಾಗ್ ತಾನು ಅಸಲಿ ಎಂದು ರುಜುವಾತುಪಡಿಸುವ ವಿಧಾನ. ಬರೀ ಸಂಖ್ಯೆ ಒಪ್ಪಿಸುವ ಟ್ಯಾಗನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದ್ದರಿಂದ ತನ್ನಲ್ಲಿ ಗುಟ್ಟಿನ ಕೀಲಿಯಿದೆ ಎಂಬುದನ್ನು, ಕೀಲಿಯನ್ನು ಬಿಟ್ಟುಕೊಡದೆ, ಅದು ತೋರಿಸಬೇಕು.

ಅಡ್ಡಿಯಾದದ್ದು ಬೆಲೆ. 1999ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಆಟೊ-ಐಡಿ ಕೇಂದ್ರದ ಕನಸು ಐದು ಸೆಂಟಿನ ಟ್ಯಾಗ್. ಅಷ್ಟು ಅಗ್ಗದ ಚಿಪ್‌ನಲ್ಲಿ ಭದ್ರತೆಯ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಎರಡು-ಮೂರು ಸಾವಿರ ಲಾಜಿಕ್ ಗೇಟ್.

ದಾರಿ ಹೊಳೆದದ್ದು ಅನಿರೀಕ್ಷಿತ ಕಡೆಯಿಂದ. ಕಂಪ್ಯೂಟರಿನ ನೆರವಿಲ್ಲದೆ ಮನುಷ್ಯರೇ ಲೆಕ್ಕ ಹಾಕಿ ಗುರುತು ಸಾಬೀತುಪಡಿಸಲೆಂದು ನಿಕೋಲಸ್ ಹಾಪರ್ ಮತ್ತು ಮ್ಯಾನುಯೆಲ್ ಬ್ಲಮ್ 2001ರಲ್ಲಿ ಒಂದು ಕ್ರಮ ರೂಪಿಸಿದ್ದರು. ಅದೇ ಎಚ್‌ಬಿ. ಅದನ್ನು ಟ್ಯಾಗ್‌ಗೆ ಅನ್ವಯಿಸಿದಾಗ, ರೀಡರ್ ಯಾದೃಚ್ಛಿಕ ಬಿಟ್‌ಗಳನ್ನು ಕಳಿಸುತ್ತದೆ. ಟ್ಯಾಗ್ ಅವನ್ನು ಕೀಲಿಯ ಬಿಟ್‌ಗಳೊಂದಿಗೆ ಗುಣಿಸಿ, ಕೂಡಿ, ಮೊತ್ತ ಸಮವೋ ಬೆಸವೋ ಎಂದಷ್ಟೇ ಹೇಳುತ್ತದೆ. ಸ್ವಾರಸ್ಯ ಇರುವುದು ಮುಂದೆ: ಆಗಾಗ ಅದು ಬೇಕೆಂದೇ ತಪ್ಪು ಉತ್ತರ ಕೊಡುತ್ತದೆ. ಎಲ್ಲ ಉತ್ತರಗಳೂ ಸರಿಯಾಗಿದ್ದರೆ ಕದ್ದು ಕೇಳುವವನು ಸಮೀಕರಣಗಳನ್ನು ಬಿಡಿಸಿ ಕೀಲಿಯನ್ನು ಹೊರತೆಗೆಯುತ್ತಿದ್ದ. ಸುಳ್ಳು ಬೆರೆತಾಗ ಅದೇ ಲೆಕ್ಕ ಕಗ್ಗಂಟಾಗುತ್ತದೆ. ಕೀಲಿ ಬಲ್ಲ ರೀಡರ್ ಮಾತ್ರ ಹಲವು ಸುತ್ತು ಕೇಳಿ, ತಪ್ಪುಗಳು ಮಿತಿಯೊಳಗಿವೆಯೇ ಎಂದು ನೋಡಿ ಒಪ್ಪುತ್ತದೆ. ಆದರೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ನಿಜವಾದ ಉತ್ತರ ಬಯಲಾಗುತ್ತದೆ. ಅದನ್ನು ತಡೆಯಲು ಆರಿ ಜುವೆಲ್ಸ್ ಮತ್ತು ಸ್ಟೀಫನ್ ವೈಸ್ 2005ರಲ್ಲಿ ಎರಡನೆಯ ಕೀಲಿ ಸೇರಿಸಿ ಎಚ್‌ಬಿ+ ತಂದರು. ಗಿಲ್ಬರ್ಟ್, ರಾಬ್‌ಶಾ, ಸಿಬರ್ಟ್ ಅದೇ ವರ್ಷ, ನಡುವೆ ನಿಂತು ಸಂದೇಶ ತಿದ್ದುವವನಿಗೆ ಅದೂ ಬಗ್ಗುತ್ತದೆಂದು ತೋರಿಸಿದರು. ಅದನ್ನು ಸರಿಪಡಿಸಲು 2008ರಲ್ಲಿ ಬಂದ ಎಚ್‌ಬಿ# ಕೂಡ ಆ ವರ್ಷವೇ ಸೋತಿತು.

ಇತ್ತ ಉದ್ಯಮ ನೆಚ್ಚಿದ್ದು ವಿನ್ಯಾಸವನ್ನು ಮುಚ್ಚಿಟ್ಟ ಸೈಫರ್‌ಗಳನ್ನು, ಅಂದರೆ ಗೂಢಲಿಪಿ ಕ್ರಮಗಳನ್ನು. ಫಲ ಇನ್ನೂ ಕೆಟ್ಟದಾಗಿತ್ತು. ಕಾರಿನ ಕೀಗಳಲ್ಲಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 40 ಬಿಟ್ ಸೈಫರ್ 2005ರಲ್ಲಿ ಮುರಿಯಿತು. ಮೈಫೇರ್ ಕ್ಲಾಸಿಕ್ ಕಾರ್ಡಿನ 48 ಬಿಟ್ ಕ್ರಿಪ್ಟೊ-1ರ ಸರದಿ 2008ರದು. ಅದನ್ನು ಮುರಿದ ನೆದರ್ಲೆಂಡ್ಸ್‌ನ ಸಂಶೋಧಕರ ಪ್ರಬಂಧವನ್ನು ತಡೆಯಲು ಕಾರ್ಡಿನ ತಯಾರಕರು ಕೋರ್ಟಿಗೂ ಹೋಗಿ ಸೋತರು.

ನೆಲೆ ನಿಂತದ್ದು ಎಲ್ಲರೆದುರು ಪರೀಕ್ಷೆಗೊಡ್ಡಿದ ಸೈಫರ್‌ಗಳೇ. ಆಸ್ಟ್ರಿಯದ ಗ್ರಾಜ್ ತಂಡ 2004ರಲ್ಲಿ ಎಇಎಸ್ ಸೈಫರನ್ನು ಸುಮಾರು 3,600 ಗೇಟ್‌ಗಳಿಗೆ ಇಳಿಸಿತು. 2007ರ ಪ್ರೆಸೆಂಟ್ ಸೈಫರ್‌ಗೆ 1,570 ಸಾಕಾಯಿತು. ಗ್ರಾಜ್‌ನಲ್ಲೇ ಮೂಲವಿರುವ ಆಸ್ಕಾನ್ ಅನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2023ರಲ್ಲಿ ಹಗುರ ಗೂಢಲಿಪಿಯ ಮಾನಕಕ್ಕೆ ಆರಿಸಿತು. ಸರಕು ಟ್ಯಾಗ್‌ಗಳ ಜೆನ್2 ಮಾನಕದಲ್ಲಿ ಗೂಢಲಿಪಿ ದೃಢೀಕರಣಕ್ಕೆ ಜಾಗ ಸಿಕ್ಕಿದ್ದು 2013ರ ಎರಡನೆಯ ಆವೃತ್ತಿಯಲ್ಲಿ, ಅದೂ ಐಚ್ಛಿಕವಾಗಿ.